ಕದಲದ ಸೊನ್ನೆ

ನಾನು ಒಂದು ಸೊನ್ನೆ. ಒಂಬತ್ತು ಅಂಗುಲ ಎತ್ತರ, ಆರು ಅಂಗುಲ ಅಗಲದ ಸಾಗವಾನಿ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದ, ನೆತ್ತಿಯಲ್ಲಿ ಮೊಳೆಗೆ ಸಿಕ್ಕಿಸಲು ತೂತಿರುವ ಸೊನ್ನೆ. 1951ರ ಬೇಸಿಗೆಯಲ್ಲಿ ಧಾರವಾಡದ ಈರಪ್ಪ ಬಡಿಗೇರ ನನ್ನನ್ನು ಮಾಡಿದ. ಉಳಿದ ಅಂಕಿಗಳನ್ನು ಆತ ಬರಿಗೈಯಿಂದಲೇ ಬರೆದ. ನನ್ನ ಸರದಿ ಬಂದಾಗ ಮಾತ್ರ, ನೀರು ಕುಡಿಯುತ್ತಿದ್ದ ತಾಮ್ರದ ತಂಬಿಗೆಯನ್ನು ಹಲಗೆಯ ಮೇಲೆ ಬೋರಲಿಟ್ಟು, ಅದರ ಬಾಯಿಯ ಸುತ್ತ ಸೀಸದ ಕಡ್ಡಿ ಎಳೆದ. ಆದ್ದರಿಂದ ನಮ್ಮ ಕುಲದಲ್ಲಿ ನಿಖರವಾಗಿ ದುಂಡಗಿರುವವರು ನಾನು ಮತ್ತು ನನ್ನ ಅವಳಿ, ಇಬ್ಬರೇ.

ನಮ್ಮನ್ನು ಊರಿನ ಒಂದು ಟೆನಿಸ್ ಕ್ಲಬ್ಬಿನ ಅಂಕಫಲಕಕ್ಕೆ ತೂಗುಹಾಕಿದರು. ಆಗ ನಡೆಯುತ್ತಿರುವ ಸೆಟ್ಟಿನಲ್ಲಿ ಯಾರು ಎಷ್ಟು ಗೇಮ್ ಗೆದ್ದಿದ್ದಾರೆ ಎಂಬುದನ್ನಷ್ಟೇ ಆ ಫಲಕ ತೋರಿಸುತ್ತಿತ್ತು. ಆರು ಗೇಮ್ ಗೆದ್ದರೆ ಒಂದು ಸೆಟ್, ಎರಡು ಸೆಟ್ ಗೆದ್ದರೆ ಪಂದ್ಯ. ಮೇಲಿನ ಸಾಲು ಹಿಂದಿನ ವರ್ಷ ಗೆದ್ದವರಿಗೆ, ಕೆಳಗಿನದು ಸವಾಲು ಹಾಕುವವರಿಗೆ. ನನ್ನ ಮೊಳೆ ಕೆಳಗಿನದು, ಅವಳಿಯದು ಮೇಲಿನದು. ಅಂಕಿ ಬದಲಿಸುತ್ತಿದ್ದವನು ಬಾಬಾಜಾನ ನದಾಫ. ಆತ ನನ್ನನ್ನು ಇಳಿಸಿ ‘ಒಂದ’ನ್ನು ಏರಿಸುವಾಗ ಪ್ರತಿ ಸಲವೂ ಅಂಗಿಯ ತುದಿಯಿಂದ ನನ್ನ ಧೂಳು ಒರೆಸುತ್ತಿದ್ದ.

ಕ್ಲಬ್ಬಿನಲ್ಲಿ ಒಂದು ನಿಯಮವಿತ್ತು. ಪಂದ್ಯದ ಆದಿಯಿಂದ ಅಂತ್ಯದವರೆಗೆ ನಾನು ಮೊಳೆಯಿಂದ ಕದಲದಿದ್ದರೆ, ಸೋತವರೇ ನನ್ನನ್ನು ಇಳಿಸಿ ಬೆನ್ನಿನ ಮೇಲೆ ಮೊದಲು ಸಹಿ ಹಾಕಬೇಕು, ಗೆದ್ದವರದು ಆಮೇಲೆ. ಅದು ಅವಮಾನವೆಂದು ಯಾರೂ ಬರೆದಿಟ್ಟಿರಲಿಲ್ಲ, ಆದರೂ ಎಲ್ಲರೂ ಹಾಗೆಯೇ ಭಾವಿಸಿದ್ದರು. ಗಂಡಸರ ಪಂದ್ಯಗಳಲ್ಲಿ ಆ ಸಂದರ್ಭ ಬರಲೇ ಇಲ್ಲ; ಹೆಂಗಸರ ಪಂದ್ಯಗಳಲ್ಲಿ ಇದನ್ನು ತಪ್ಪಿಸಲೆಂದೇ ಒಂದು ರೂಢಿ ಹುಟ್ಟಿಕೊಂಡಿತು. ಗೆಲುವು ಖಚಿತವಾದ ಮೇಲೆ ಗೆಲ್ಲುವವಳು ಬೇಕೆಂದೇ ತಪ್ಪಾಡಿ ಒಂದು ಗೇಮ್ ಬಿಟ್ಟುಕೊಡುವಳು. ತವರಿನಿಂದ ಹೊರಡುವ ಮಗಳ ಸೆರಗಿಗೆ ಅಕ್ಕಿ, ಕಾಯಿ ಹಾಕಿ ಕಳಿಸುತ್ತಾರಲ್ಲ, ಅದೇ ಹೆಸರು ಇದಕ್ಕೂ ಬಂತು: ಉಡಿ ತುಂಬುವುದು. ಹೀಗಾಗಿ ಹದಿನೈದು ವರ್ಷ ನನ್ನ ಬೆನ್ನು ಖಾಲಿಯೇ ಉಳಿಯಿತು.

1966ರ ಮೇ ತಿಂಗಳ ಫೈನಲ್. ಮೇಲಿನ ಸಾಲಿನಲ್ಲಿ ರೋಹಿಣಿ ನಾಡಗೌಡ, ಎಂಟು ವರ್ಷಗಳಿಂದ ಸೋಲು ಕಾಣದವಳು. ಕೆಳಗೆ ಶಕುಂತಲಾ ಹಾದಿಮನಿ, ಆಗಷ್ಟೇ ಬಿ.ಎಸ್ಸಿ. ಮುಗಿಸಿದ ಇಪ್ಪತ್ತರ ಹುಡುಗಿ. ಅವಳಿಗೆ ಎಂ.ಎಸ್ಸಿ. ಭೌತಶಾಸ್ತ್ರದಲ್ಲಿ ಸೀಟು ಸಿಕ್ಕಿತ್ತು. ಪುಣೆಯ ಸೋದರಮಾವನ ಮನೆಯಲ್ಲಿದ್ದು ಒಂದು ವರ್ಷ ಟೆನಿಸ್ ಕಲಿಯುವ ಆಸೆಯೂ ಇತ್ತು. ಎರಡರಲ್ಲಿ ಒಂದನ್ನು ಬಿಡಲೇಬೇಕು. ಆ ದಿನ ಬೆಳಿಗ್ಗೆ ಅಂಗಳಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದ ಬಾಬಾಜಾನನಿಗೆ ಅವಳು ತನ್ನ ನಿರ್ಧಾರ ಹೇಳಿದಳು. ರೋಹಿಣಿಯಿಂದ ಒಂದೇ ಒಂದು ಗೇಮ್ ಗೆದ್ದರೂ ಪುಣೆ. ಇಲ್ಲವಾದರೆ ಎಂ.ಎಸ್ಸಿ. ಆ ಮಾತು ಕೇಳಿ ನಾನು ಮೊಳೆಯ ಮೇಲೆ ನೆಟ್ಟಗೆ ನಿಂತೆ. ಒಬ್ಬಳ ದಾರಿ ನನ್ನ ಇಳಿಯುವಿಕೆಗೆ ಕಾದಿತ್ತು.

ರೋಹಿಣಿಯ ಆಟವನ್ನು ನಾನು ಎಂಟು ವರ್ಷ ನೋಡಿದ್ದೆ. ಅಂದು ನೋಡಿದ್ದು ಬೇರೆಯೇ. ಅವಳ ಚೆಂಡುಗಳು ಅಂಗಳದ ಹಿಂದಿನ ಗೆರೆಯಿಂದ ಒಂದು ಗೇಣು ಒಳಗೆ ಬೀಳುತ್ತಿದ್ದವು. ಕೆಮ್ಮಣ್ಣಿನಲ್ಲಿ ಅವು ಮೂಡಿಸಿದ ಗುರುತುಗಳು, ದಾರ ಹಿಡಿದು ಚುಕ್ಕಿ ಇಟ್ಟಂತೆ, ಒಂದೇ ಸಾಲಿನಲ್ಲಿದ್ದವು. ಶಕುಂತಲಾ ಎಲ್ಲಕ್ಕೂ ಓಡಿದಳು. ಮೊದಲ ಸೆಟ್ 6-0. ಎರಡನೆಯದರಲ್ಲಿ 5-0. ಬೆಂಚಿನ ಮೇಲೆ ಅವಳ ತಾಯಿ ತಲೆ ತಗ್ಗಿಸಿ ಕುಳಿತಿದ್ದಳು. “ಈ ಸೊನ್ನಿ ಮೊಳಿಗೆ ಬೇರು ಬಿಟ್ಟೈತ್ ನೋಡ್ರಿ,” ಎಂದು ಹಿಂದಿನಿಂದ ಯಾರೋ ನಕ್ಕರು.

ಆಗ ರೋಹಿಣಿಯ ಸರ್ವ್ ಬಲೆಗೆ ಬಿತ್ತು. ಎರಡನೆಯದೂ ಬಿತ್ತು, ಒಂದು ಪಾಯಿಂಟು ಶಕುಂತಲಾಗೆ. ಮತ್ತೆ ಎರಡು, ಮತ್ತೆ ಎರಡು. ಸೊನ್ನೆ-ನಲವತ್ತು. ಜನ ಅರ್ಥಮಾಡಿಕೊಂಡು ಮೆಲ್ಲನೆ ಚಪ್ಪಾಳೆ ತಟ್ಟಿದರು. ತಾಯಿ ತಲೆ ಎತ್ತಿದಳು. ಬಾಬಾಜಾನ ‘ಒಂದ’ನ್ನು ಕೈಗೆತ್ತಿಕೊಂಡ. ಇನ್ನೊಂದು ತಪ್ಪು, ನಾನು ಇಳಿಯಬೇಕು, ಅವಳು ಪುಣೆಗೆ ಹೋಗಬೇಕು.

ಶಕುಂತಲಾ ಬಲೆಯ ಹತ್ತಿರ ನಡೆದುಬಂದಳು.

“ಅಕ್ಕಾರ, ಉಡಿ ತುಂಬಬ್ಯಾಡ್ರಿ.”

“ಹುಚ್ಚಿ, ನಿಮ್ಮವ್ವ ನೋಡಾಕತ್ತಾಳ. ನಿನ್ನ ಬರಿಗೈಲೆ ಕಳಸಾಕ ನನಗ ಮನಸಾಗವಲ್ದು.”

“ನಿಮಗೂ ನನಗೂ ಎಷ್ಟ್ ದೂರ ಐತಿ ಅಂತ ನೋಡಾಕ ಬಂದೀನ್ರಿ. ಅಳತೀಪಟ್ಟಿ ಸೊನ್ನೀನ ಸುಳ್ಳಾದ್ರ, ಮುಂದಿನ ಅಳತಿ ಎಲ್ಲಾ ಸುಳ್ಳ ಆಗ್ತಾವ.”

ರೋಹಿಣಿ ಹಿಂದಿನ ಗೆರೆಗೆ ಮರಳಿದಳು. ಮುಂದಿನ ಸರ್ವ್ ಗುಂಡಿನಂತೆ ಬಂತು. ಶಕುಂತಲಾ ಅದನ್ನು ಬೇಕೆಂದೇ ಹಿಂದಿನ ಬೇಲಿಗೆ ಹೊಡೆದಳು. ಅದರ ನಂತರದ್ದನ್ನೂ, ಮೂರನೆಯದನ್ನೂ. ಕೊಟ್ಟ ಮೂರು ಪಾಯಿಂಟುಗಳನ್ನು ಹಾಗೆ ಹಿಂದಿರುಗಿಸಿ, ಬೆವರು ಒರೆಸಿಕೊಂಡು, ಸಿದ್ಧಳಾಗಿ ನಿಂತಳು. ನಲವತ್ತು-ನಲವತ್ತು. ಬಾಬಾಜಾನ ‘ಒಂದ’ನ್ನು ಮತ್ತೆ ಕೆಳಗಿಟ್ಟ.

ಇಲ್ಲಿಂದ ಬೆನ್ನುಬೆನ್ನಿಗೆ ಎರಡು ಪಾಯಿಂಟು ಗೆದ್ದವರಿಗೆ ಗೇಮ್. ಮೊದಲನೆಯದು ಹದಿನೇಳು ಹೊಡೆತಗಳಿಗೆ ಮುಗಿಯಿತು, ಎರಡನೆಯದು ಮೂವತ್ತೊಂದಕ್ಕೆ, ನಾನು ಎಣಿಸಿದೆ. ಎಣಿಕೆಯ ವಸ್ತುವಾಗಿ ಹುಟ್ಟಿದ ನನಗೆ, ಅಂಕಿಗೆ ಸಿಗದ ಒಂದು ದೊಡ್ಡತನ ಕಣ್ಣೆದುರು ನಡೆಯುತ್ತಿದೆ ಎಂದು ಅನ್ನಿಸಿದ್ದು ಅದೇ ಮೊದಲು. ಎರಡನ್ನೂ ರೋಹಿಣಿಯೇ ಗೆದ್ದಳು.

ಶಕುಂತಲಾ ನೇರವಾಗಿ ಫಲಕದ ಬಳಿ ಬಂದು ನನ್ನನ್ನು ಇಳಿಸಿದಳು. ಅವಳ ಅಂಗೈ ಒದ್ದೆಯಾಗಿತ್ತು. ನನ್ನ ಬೆನ್ನಿನ ಮೇಲೆ ದಿನಾಂಕ ಬರೆದು ಸಹಿ ಮಾಡಿದಳು. ಅದರ ಕೆಳಗೆ ಸಹಿ ಹಾಕುತ್ತ ರೋಹಿಣಿ ತಗ್ಗಿದ ದನಿಯಲ್ಲಿ ಹೇಳಿದಳು: “ಎಂಟ ವರ್ಷದಾಗ ನನಗ ಒಮ್ಮೆನೂ ಪೂರ್ತಿ ಆಡಾಕ ಬಿಟ್ಟಿದ್ದಿಲ್ಲ ಯಾರೂ.”

ಶಕುಂತಲಾ ಎಂ.ಎಸ್ಸಿ.ಗೆ ಸೇರಿದಳು, ಮುಂದೆ ಊರಿನ ಕಾಲೇಜೊಂದರಲ್ಲಿ ಉಪನ್ಯಾಸಕಿಯಾದಳು. ಆದರೆ ಪ್ರತಿ ಮೇ ತಿಂಗಳು ತಪ್ಪದೆ ಅಂಗಳಕ್ಕೆ ಬಂದಳು. ಮತ್ತೆ ಫೈನಲ್ ತಲುಪಿದ್ದು ನಾಲ್ಕನೆಯ ವರ್ಷ; ಆಗ ರೋಹಿಣಿ ತನ್ನ ಕೈಲಾದದ್ದೆಲ್ಲ ಆಡುತ್ತಿದ್ದಾಗಲೇ ಶಕುಂತಲಾ ಅವಳಿಂದ ಒಂದು ಗೇಮ್ ಗೆದ್ದಳು. ನನ್ನನ್ನು ಇಳಿಸುವಾಗ ಬಾಬಾಜಾನ ಧೂಳು ಒರೆಸುವುದನ್ನೇ ಮರೆತ. ಪಂದ್ಯ ಗೆದ್ದವಳು ರೋಹಿಣಿ; ಶಕುಂತಲಾ ಅವಳನ್ನು ಎಂದೂ ಸೋಲಿಸಲಿಲ್ಲ.

ವಿದ್ಯುತ್ ಫಲಕ ಬಂದ ವರ್ಷ ನಮ್ಮನ್ನು ಗೋಣಿಚೀಲಕ್ಕೆ ತುಂಬಿ ಉಗ್ರಾಣಕ್ಕೆ ಎಸೆದರು. ಶಕುಂತಲಾ ಹುಡುಕಿ ನನ್ನೊಬ್ಬನನ್ನು ತನ್ನ ಪ್ರಯೋಗಾಲಯಕ್ಕೆ ತಂದು, ಅಳತೆಯ ಉಪಕರಣಗಳ ಮೇಜಿನ ಮೇಲಿನ ಗೋಡೆಗೆ ತೂಗುಹಾಕಿದಳು. ಅಲ್ಲಿ ವಿದ್ಯಾರ್ಥಿಗಳು ಯಾವುದನ್ನೇ ಅಳೆಯುವ ಮೊದಲು, ಉಪಕರಣ ಸೊನ್ನೆಯನ್ನು ಸರಿಯಾಗಿ ತೋರಿಸುತ್ತಿದೆಯೇ ಎಂದು ಪರೀಕ್ಷಿಸುತ್ತಾರೆ.

1988ರ ಜೂನ್‌ನಲ್ಲಿ ಪ್ಯಾರಿಸ್ಸಿನ ಮಹಿಳೆಯರ ಫೈನಲ್ 6-0, 6-0ರಲ್ಲಿ ಮುಗಿದ ಸುದ್ದಿ ಬಂತು. ಲಂಡನ್ನಿನಲ್ಲಿ 1911ರಲ್ಲೊಮ್ಮೆ ಹೀಗೆಯೇ ಆಗಿತ್ತಂತೆ. ಎಪ್ಪತ್ತೇಳು ವರ್ಷಗಳ ಅಂತರ. ಸೋತವಳು ಪಾಪ ಎಂದು ವಿದ್ಯಾರ್ಥಿನಿಯೊಬ್ಬಳು ಮರುಗಿದಳು. ಶಕುಂತಲಾ ನನ್ನನ್ನು ತಿರುಗಿಸಿ ಬೆನ್ನು ತೋರಿಸಿದಳು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಹತ್ತಿರ ಬಂದು ಆ ಎರಡು ಸಹಿಗಳನ್ನು ಓದಿದರು.

ಅದೇ ವಾರ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಅರ್ಧ ನರೆತ ತಲೆ, ತೋಳಲ್ಲಿ ಬುಟ್ಟಿ. ನನ್ನ ಮೇಲೆ ಕೂತ ಧೂಳಿನ ನಡುವೆಯೂ ಅವಳ ನೇರ ನಿಲುವಿನಿಂದ ನಾನು ಗುರುತಿಸಿದೆ. ಪ್ಯಾರಿಸ್ಸಿನ ಸುದ್ದಿ ಕೇಳಿದಾಗಿನಿಂದ ಶಕುಂತಲಾಳೇ ನೆನಪಾಗುತ್ತಿದ್ದಳೆಂದು ರೋಹಿಣಿ ಹೇಳಿದಳು. ಬುಟ್ಟಿಯಿಂದ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಬಟ್ಟೆಯ ಒಂದು ಕಣ ತೆಗೆದಳು.

“ಈಗರೆ ತುಂಬ್ಲೇನ ತಂಗಿ?”

ಶಕುಂತಲಾ ಅಳತೆಯ ಉಪಕರಣವನ್ನು ಕೆಳಗಿಟ್ಟಳು. ಕೈ ಒರೆಸಿಕೊಂಡು, ನನ್ನ ಎದುರಿಗೇ ನಿಂತು, ಎರಡೂ ಕೈಯಿಂದ ಸೆರಗು ಒಡ್ಡಿದಳು.

“ಈಗ ತುಂಬ್ರಿ, ಅಕ್ಕಾರ.”

ಅಂದು ನನ್ನ ಕೆಳಗಿನ ಮೇಜಿನ ಮೇಲೆ ಉದುರಿದ ನಾಲ್ಕು ಅಕ್ಕಿಕಾಳುಗಳನ್ನು ಯಾರೂ ಗುಡಿಸಲಿಲ್ಲ.