ತೊಂಬತ್ತು ಡಿಗ್ರಿಯ ತಾಳೆ

ಪರೀಕ್ಷೆಯಲ್ಲಿ ಸರಿಯುತ್ತರ ಬರೆದ ಮಕ್ಕಳಿಗೆ ಸೊನ್ನೆ ಬಿತ್ತು. ತಪ್ಪು ಬರೆದವರಿಗೆ ಪೂರ್ತಿ ನಾಲ್ಕು ಅಂಕ.

ತ್ರಿಕೋನಮಿತಿಯ ಪ್ರಶ್ನೆ, ಸುಲಭದ್ದೇ. ಸೈನ್ ವರ್ಗವನ್ನು ಒಂದು ಮೈನಸ್ ಕಾಸ್‌ನಿಂದ ಭಾಗಿಸಿ, ಸುಲಭ ರೂಪಕ್ಕೆ ತರಬೇಕು. ಸೈನ್ ವರ್ಗವೆಂದರೆ ಒಂದು ಮೈನಸ್ ಕಾಸ್ ವರ್ಗ. ಅದನ್ನು ಅಪವರ್ತಿಸಿ ಕೆಳಗಿನದನ್ನು ಹೊಡೆದುಹಾಕಿದರೆ ಉಳಿಯುವುದು ಒಂದು ಪ್ಲಸ್ ಕಾಸ್. ಮಾದರಿ ಉತ್ತರದಲ್ಲಿ ಮಾತ್ರ ಮೈನಸ್ ಇತ್ತು. ಅದನ್ನು ಬರೆದವರು ಮುಖ್ಯ ಮೌಲ್ಯಮಾಪಕರು. ಅವರ ಮನೆಪಾಠದ ಮಕ್ಕಳು ಅದೇ ತಪ್ಪನ್ನು ಬಾಯಿಪಾಠ ಮಾಡಿ ಬಂದು, ಚಾಚೂ ತಪ್ಪದೆ ಕಕ್ಕಿದ್ದರು.

ಮೌಲ್ಯಮಾಪನದ ಕೋಣೆಯಲ್ಲಿ ಎಲ್ಲರೂ ಹೊಸ ಮೇಡಂ ಎಂದು ಕರೆಯುತ್ತಿದ್ದ ಗಣಿತದ ಟೀಚರ್ ಎದ್ದು ನಿಂತು ಇದನ್ನು ಹೇಳಿದಳು. ಮುಖ್ಯರು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದರು. ನೆನೆದ ತುಂಡೊಂದು ಕಳಚಿ ಯಾವುದೋ ಮಗುವಿನ ಉತ್ತರಪತ್ರಿಕೆಯ ಮೇಲೆ ಬಿತ್ತು. ಅದನ್ನು ಬೆರಳಲ್ಲಿ ಬಳಿದು ನೆಕ್ಕಿ, ಅದೇ ಬೆರಳಿನಿಂದ ಹಾಳೆ ಮಗುಚಿದರು.

“ತಾಳೆ ನೋಡೇಬಿಡೋಣ ಮೇಡಂ. ತೊಂಬತ್ತು ಡಿಗ್ರಿ ಹಾಕಿ. ಪ್ರಶ್ನೆ ಎಷ್ಟು ಬಂತು? ಒಂದು. ನನ್ನ ಉತ್ತರ? ಒಂದು. ಮುಗೀತಲ್ಲ!”

ಸುತ್ತಲಿದ್ದವರು ಕಿಸಕ್ಕೆಂದರು.

“ತೊಂಬತ್ತಕ್ಕೆ ಕಾಸ್ ಸೊನ್ನೆ ಸರ್. ಪ್ಲಸ್ ಇದ್ರೂ ಒಂದೇ, ಮೈನಸ್ ಇದ್ರೂ ಒಂದೇ. ಅರವತ್ತು ಹಾಕಿ. ಪ್ರಶ್ನೆ ಒಂದೂವರೆ ಆಗತ್ತೆ, ನಿಮ್ಮುತ್ತರ ಅರ್ಧ.”

ನಗು ನಿಂತಿತು. ಕೋಣೆಯಲ್ಲಿದ್ದವರೆಲ್ಲ ಲೆಕ್ಕದ ಮೇಷ್ಟ್ರುಗಳು. ಇದು ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. ಆದರೂ ತಲೆಗಳು ತಗ್ಗಿದವು, ಕೆಂಪು ಪೆನ್ನುಗಳು ಗೆದ್ದಲು ಮರ ತಿಂದ ಹಾಗೆ ಮತ್ತೆ ಕರಕರ ಶುರುಮಾಡಿದವು.

ಪಕ್ಕದ ಹಿರಿಯ ಮೇಷ್ಟ್ರು ಅವಳನ್ನು ಗದರಿದರು: “ಕೂತ್ಕೋ ತಾಯಿ. ನೀನು ಹೆತ್ತ ಮಕ್ಕಳಾ ಅವು? ಬೆಳಿಗ್ಗೆಯಿಂದ ನಾನೂ ಸೊನ್ನೆ ಸುತ್ತುತ್ತಾ ಇದೀನಿ. ಕೈಯೇನು ಉದುರಿಹೋಯ್ತಾ?”

“ಉದುರಬೇಕಿತ್ತು ಸರ್.”

ಅವಳ ಮುಂದಿದ್ದ ಪತ್ರಿಕೆ ಯಾರದೋ, ಹೆಸರಿಲ್ಲ. ಅಕ್ಷರಗಳು ಸೊಟ್ಟ, ಲೆಕ್ಕ ನೆಟ್ಟಗೆ. ಈ ನಾಲ್ಕು ಅಂಕ ಸಿಕ್ಕರೆ ಪಾಸು. ಇಲ್ಲದಿದ್ದರೆ ಆ ಮಗುವಿನ ಒಂದು ವರ್ಷ ಮಣ್ಣುಪಾಲು.

ಮುಖ್ಯರು ಎದ್ದು ಬಂದು ದನಿ ತಗ್ಗಿಸಿದರು. “ನಂದೇ ತಪ್ಪು ಅಂತಿಟ್ಕೊಳ್ಳಿ. ಈಗ ತಿದ್ದಿದ್ರೆ ಮೇಲಿನವರು ನನ್ನ ಸುಮ್ನೆ ಬಿಡ್ತಾರಾ? ನಾಲ್ಕು ಮಾರ್ಕ್ಸಿಗೋಸ್ಕರ ನನ್ನ ಮಾನ ಹರಾಜು ಹಾಕ್ತೀರಾ? ಸೊನ್ನೆ ಹಾಕಿ, ಕಟ್ಟು ಕಟ್ಟಿ, ಮನೆಗೆ ಹೋಗಿ.”

ಅವಳು ಪತ್ರಿಕೆಯನ್ನು ಎದೆಗವಚಿಕೊಂಡಳು.

“ನಾನು ಹಾಕಲ್ಲ.”