ಬೆರಿಲ್‌ಳನ್ನು ತಿಂದವನು

ನನ್ನ ಗಂಡ ಅಪರಾಧಿ. ಇದು ನನ್ನ ಮಾತಲ್ಲ, ಕೋರ್ಟಿನ ಮಾತು. ನನ್ನನ್ನು ಕೇಳಿದ್ದರೆ ಇನ್ನೂ ದೊಡ್ಡ ಆರೋಪಗಳನ್ನೇ ಹೊರಿಸುತ್ತಿದ್ದೆ: ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವುದು, ನಾನು ಮಾತಾಡುವಾಗಲೆಲ್ಲ ಫುಟ್‌ಬಾಲಿನ ಸದ್ದು ಜೋರು ಮಾಡುವುದು. ಕೋರ್ಟಿಗೆ ಅವು ಯಾವುವೂ ಕಾಣಲಿಲ್ಲ. ಕಂಡದ್ದು ಒಂದು ಮೀನು.

ಚಾಸಿಬ್ ಇರಾಕಿನ ಬಸ್ರಾದಾಚೆಯ ಜೌಗಿನವನು. ಅಲ್ಲಿ ಗಂಡುಮಕ್ಕಳು ನಡೆಯುವುದಕ್ಕೂ ಮೊದಲು ಈಜುತ್ತಾರೆ. ಇಲ್ಲಿ ಇಂಗ್ಲೆಂಡಿನಲ್ಲಿ, ನಾವಿರುವ ಡರ್ಬಿ ಊರಿನ ಹೊರಗೆ ಒಂದು ಕೆರೆಯಿದೆ. ಒಂದು ಬೆಳಿಗ್ಗೆ ಹೋಗಿ ಗಾಳ ಹಾಕಿದ. ಎರಡು ತೋಳಿನಲ್ಲೂ ತಬ್ಬಿ ಎತ್ತಬೇಕಾದಂಥ ಗೆಂಡೆ ಮೀನು ಸಿಕ್ಕಿತು. ಮೀನು ಹಿಡಿದು, ಮುತ್ತಿಟ್ಟು, ಫೋಟೋ ತೆಗೆಸಿಕೊಂಡು ಮತ್ತೆ ನೀರಿಗೇ ಬಿಡುವ ಜನ ಈ ಭೂಮಿಯ ಮೇಲೆ ಇದ್ದಾರೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಕೆರೆ ಒಂದು ಸಂಘದ್ದು, ಮೀನು ಹಿಡಿಯಲು ಲೈಸೆನ್ಸ್ ಬೇಕು ಎನ್ನುವುದೂ ಗೊತ್ತಿರಲಿಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿ ಮನೆಗೆ ತಂದ. ಬೆನ್ನಿನಿಂದ ಸೀಳಿ, ಉಪ್ಪು, ಅರಿಶಿನ, ಹುಣಿಸೆಹಣ್ಣಿನ ರಸ ಸವರಿ, ಹಿತ್ತಿಲಲ್ಲಿ ಕಟ್ಟಿಗೆಯ ಬೆಂಕಿಗೆ ಒಡ್ಡಿ ನಿಲ್ಲಿಸಿದ. ಬೀದಿಯಲ್ಲಿದ್ದ ಇರಾಕಿಗಳೆಲ್ಲ ಬಂದರು. ನಾನೂ ತಿಂದೆ. ಸುಳ್ಳೇಕೆ ಹೇಳಲಿ, ಕೆನ್ನೆಯ ಮೆತ್ತನೆಯ ತುಂಡು ನನಗೇ ಸಿಕ್ಕಿತು. ಮರುದಿನ ಬಾಗಿಲಲ್ಲಿ ಪೊಲೀಸರು.

ಆ ಮೀನಿನ ಹೆಸರು ಬೆರಿಲ್ ಎಂದು ತಿಳಿದದ್ದು ಕೋರ್ಟಿನಲ್ಲಿ. ದಂಡ ಹಾಕಿದರು, ಕಟ್ಟಿದೆವು, ಅದು ಮುಗಿಯಿತು. ಆದರೆ ಹೊರಗೆ ಬೆಂಚಿನ ಮೇಲೆ ಕೂತು ಕೆರೆ ಸಂಘದ ಕಾರ್ಯದರ್ಶಿ ಕಣ್ಣೊರೆಸಿಕೊಳ್ಳುತ್ತಿದ್ದ. ಹೆಸರು ಕೀತ್, ನಿವೃತ್ತ ಹೆಡ್‌ಮಾಸ್ಟರ್. ಅದನ್ನು ನೋಡಿದಂದಿನಿಂದ ನನ್ನ ಗಂಡನಿಗೆ ಊಟ ಸೇರಲಿಲ್ಲ.

"ಮೀನಿಗೋಸ್ಕರ ಅಳ್ತಾರೇನೇ ನಾಹಿದಾ?" ಎಂದ.

"ಇವರು ನಾಯಿಗೂ ಹುಟ್ಟುಹಬ್ಬ ಮಾಡ್ತಾರೆ. ಬಿಡು ಅತ್ಲಾಗೆ."

"ಹೆಸರಿಟ್ಟ ಮೇಲೆ ಅದು ಮೀನಲ್ಲ ಕಣೇ, ಮನೆ ಮಗಳು. ನಾನು ಆ ಮನುಷ್ಯನ ಮನೆ ಮಗಳನ್ನ ಸುಟ್ಟು ತಿಂದಿದೀನಿ."

ನಮ್ಮಲ್ಲಿ ಇಂಥದ್ದು ಕೋರ್ಟಿನಲ್ಲಿ ಮುಗಿಯುವುದಿಲ್ಲ. ತಪ್ಪು ಮಾಡಿದವನ ಕಡೆಯ ಹಿರಿಯರು ನೊಂದವನ ಮನೆಗೆ ಹೋಗಬೇಕು. ಅವನು ತಿನ್ನಲು ಕುಡಿಯಲು ಏನೇ ಮುಂದಿಟ್ಟರೂ, ತಮ್ಮ ಬೇಡಿಕೆಗೆ ಅವನು ಹೂಂ ಅನ್ನುವವರೆಗೆ ಬಂದವರು ಅದನ್ನು ಮುಟ್ಟಬಾರದು. ಹಾಗಾಗಿ ಒಂದು ಭಾನುವಾರ ದಿನಸಿ ಅಂಗಡಿಯ ಹಾಜಿ ಲಫ್ತಾ ಕಪ್ಪು ನಿಲುವಂಗಿ ಹೊದ್ದು, ತಲೆಗೆ ರುಮಾಲು ಸುತ್ತಿ, ಚಾಸಿಬ್‌ನನ್ನೂ ಇನ್ನೂ ನಾಲ್ಕು ಮೀಸೆಗಳನ್ನೂ ಹಿಂದಿಟ್ಟುಕೊಂಡು ಕೀತ್ ಮನೆಯ ಗಂಟೆ ಒತ್ತಿದರು. ಇಂಥ ಕೆಲಸಕ್ಕೆ ಹೆಂಗಸರು ಹೋಗುವ ಪದ್ಧತಿಯಿಲ್ಲ. ಆದರೆ ಆ ಮೀಸೆಗಳಲ್ಲಿ ಒಂದಕ್ಕೂ ನೆಟ್ಟಗೆ ಇಂಗ್ಲಿಷ್ ಬಾರದು. ನಾನೂ ಹೋದೆ.

ಪಾಪ, ಕೀತ್ ಹೆದರಿದ. ಹೆದರಿದರೂ ಇಂಗ್ಲಿಷರವನಲ್ಲವೇ, ಚಹಾ ತಂದ. ಯಾರೂ ಮುಟ್ಟಲಿಲ್ಲ. ಹಾಲು ಹಾಕಿದ್ದು ತಪ್ಪಾಯಿತೆಂದುಕೊಂಡು ಒಳಗೆ ಹೋಗಿ ಹಾಲಿಲ್ಲದ ಚಹಾ ತಂದ. ಅದನ್ನೂ ಮುಟ್ಟಲಿಲ್ಲ. ಬಿಸ್ಕತ್ತಿನ ಡಬ್ಬಿ ಬಂತು. ಹಾಜಿ ಲಫ್ತಾ ಬಿಸ್ಕತ್ತಿನ ಕಡೆ ಆಸೆಯಿಂದ ನೋಡಿದರೇ ಹೊರತು ಕೈ ಚಾಚಲಿಲ್ಲ.

"ಏನಾಗ್ಬೇಕಮ್ಮಾ ಇವರಿಗೆ?" ಕೀತ್ ನನ್ನನ್ನು ಕೇಳಿದ.

ಹೇಳಿದೆ. ಕ್ಷಮೆ ಬೇಕು, ಅದು ಸಿಗುವವರೆಗೆ ಇವರು ಏನನ್ನೂ ಮುಟ್ಟುವುದಿಲ್ಲ ಎಂದು. ಗೋಡೆಯ ಮೇಲೆ ಅವನು ಬೆರಿಲ್‌ಳನ್ನು ತಬ್ಬಿಕೊಂಡು ನಗುತ್ತಿರುವ ಫೋಟೋ ಇತ್ತು, ಪಕ್ಕದಲ್ಲಿ ತೀರಿಹೋದ ಹೆಂಡತಿಯದು. ಚಾಸಿಬ್ ಎದ್ದು ಅವನ ಮುಂದೆ ತಲೆ ತಗ್ಗಿಸಿ ನಿಂತ.

"ಕುಡೀರಪ್ಪಾ," ಕೀತ್ ಕೊನೆಗೆ ಹೇಳಿದ, "ಆರಿಹೋಗುತ್ತೆ."

ಪರಿಹಾರ ಏನು ಬೇಕೆಂದು ಹಾಜಿ ಕೇಳಿದರು. ಕೀತ್ ಯೋಚಿಸಿ, ಕೆರೆ ದಂಡೆಯಲ್ಲಿ ಆಪು ಹುಲ್ಲು ಬೆಳೆದು ದಾರಿ ಮುಚ್ಚಿದೆ, ಭಾನುವಾರ ಬಂದು ಕೊಯ್ದುಕೊಟ್ಟರೆ ಸಾಕು ಎಂದ. ಅಂದಿನಿಂದ ಚಾಸಿಬ್ ಒಂದು ಭಾನುವಾರವನ್ನೂ ತಪ್ಪಿಸುತ್ತಿರಲಿಲ್ಲ. ಆಪು ಮುಗಿದು ವರ್ಷಗಳಾದರೂ ಹೋಗುತ್ತಿದ್ದ. ಇಬ್ಬರೂ ಮಡಿಸುವ ಕುರ್ಚಿ ಹಾಕಿಕೊಂಡು ನೀರು ನೋಡುತ್ತ ಕೂರುತ್ತಿದ್ದರು. ಏನು ಮಾತಾಡುತ್ತೀರಿ ಎಂದು ಕೇಳಿದರೆ, ಏನೂ ಇಲ್ಲ ಎನ್ನುತ್ತಿದ್ದ. ನನ್ನ ಹತ್ತಿರವೂ ಏನೂ ಮಾತಾಡದ ಗಂಡಸು, ಅದಕ್ಕಾಗಿ ಅಷ್ಟು ದೂರ ಬಸ್ಸಿನಲ್ಲಿ ಹೋಗಬೇಕೇ!

ನಮ್ಮವರು ಗಂಡಸನ್ನು ಕರೆಯುವುದು ಮಕ್ಕಳ ಹೆಸರು ಹಿಡಿದು, ಇಂಥವರ ಅಪ್ಪ ಎಂದು. ಕೀತ್‌ಗೆ ಅಬು ಬೆರಿಲ್ ಎಂಬ ಹೆಸರು ತಾನಾಗಿಯೇ ಅಂಟಿತು. ನಮಗೆ ಮಕ್ಕಳಾಗಲಿಲ್ಲ. ಅಂಥವನನ್ನು ಅಬು ಗಾಯಿಬ್ ಎನ್ನುತ್ತಾರೆ, ಕಣ್ಣೆದುರು ಇಲ್ಲದವನ, ಇನ್ನೂ ಬಾರದವನ ಅಪ್ಪ. ಅದರ ಅರ್ಥ ಹೇಳಿದ ದಿನ ಕೀತ್ ಬಹಳ ಹೊತ್ತು ನೀರನ್ನೇ ನೋಡಿ, "ಹಾಗಾದ್ರೆ ಈಗ ನಾನೂ ಅದೇ ಅಲ್ವಾ," ಎಂದನಂತೆ.

ಇಷ್ಟೆಲ್ಲ ಹೇಳಿದ್ದು ಪೌರತ್ವದ ಸಲುವಾಗಿ.

ನನಗೆ ಬ್ರಿಟಿಷ್ ಪಾಸ್‌ಪೋರ್ಟ್ ಸಿಕ್ಕಿತ್ತು, ಚಾಸಿಬ್‌ಗೆ ಇರಲಿಲ್ಲ. ನಿರಾಶ್ರಿತರಿಗೆ ಕೊಡುವ ಅವನ ನೀಲಿ ಪುಸ್ತಕ ಹಿಡಿದು ಎಲ್ಲಿಗೆ ಬೇಕಾದರೂ ಹೋಗಬಹುದು, ಇರಾಕ್ ಒಂದನ್ನು ಬಿಟ್ಟು. ಬಸ್ರಾದಲ್ಲಿ ಅವನ ಅಕ್ಕ ಫಖ್ರಿಯಾ ಇದ್ದಾಳೆ. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ನಾನು ಹೋಗಿದ್ದಾಗ ನನ್ನ ಮುಖವನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಹುಡುಕಿ ಹುಡುಕಿ ನೋಡಿದ್ದಳು. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದಿದ್ದರು ಡಾಕ್ಟರು.

"ಸ್ವಲ್ಪ ಬೆಳಕು ಉಳಿದಿದೆ," ಎಂದಿದ್ದಳು. "ಅವನಿಗೋಸ್ಕರ ಇಟ್ಕೊಂಡಿದೀನಿ. ಬೇಗ ಕಳಿಸೇ."

ನಾನು ಮರಳಿ ಬಂದ ಮೇಲೆ ಅವನ ಪೌರತ್ವದ ಅರ್ಜಿ ತುಂಬಲು ಕೂತೆವು. ಭಾಷೆ ಪರೀಕ್ಷೆ ಪಾಸಾಗಿದ್ದ, ಈ ದೇಶದ ರಾಜರಾಣಿಯರ ಇತಿಹಾಸದ ಪರೀಕ್ಷೆಯೂ ಪಾಸಾಗಿದ್ದ. ಆಮೇಲೆ ಆ ಪ್ರಶ್ನೆ ಬಂತು: ನಿಮಗೆ ಎಂದಾದರೂ ಶಿಕ್ಷೆಯಾಗಿದೆಯೇ?

ಹಾಜಿ ಲಫ್ತಾ ಅಲ್ಲೇ ಇದ್ದರು. "ಇಲ್ಲ ಅಂತ ಬರಿ," ಎಂದರು. "ಮೀನು ತಿನ್ನೋದೂ ಒಂದು ಅಪರಾಧಾನಾ? ಹಾಗಾದ್ರೆ ನಮ್ಮೂರಲ್ಲಿ ಇಮಾಮರನ್ನೂ ಜೈಲಿಗೆ ಹಾಕ್ಬೇಕಾಗುತ್ತೆ."

"ಹಾಜಿ, ಸುಮ್ನಿರಿ," ಎಂದೆ. "ಸುಳ್ಳು ಬರೆದು ಸಿಕ್ಕಿಬಿದ್ರೆ ಹತ್ತು ವರ್ಷ ಬಾಗಿಲು ಮುಚ್ಚುತ್ತೆ. ಫಖ್ರಿಯಾ ಕಣ್ಣಿಗೆ ಹತ್ತು ವರ್ಷ ಇಲ್ಲ."

"ನಿಜ ಬರೆದ್ರೆ ತಳ್ಳಿಹಾಕ್ತಾರೆ. ಅದಕ್ಕೇನ್ ಮಾಡ್ತೀಯಮ್ಮಾ?"

ಚಾಸಿಬ್ ಎರಡನ್ನೂ ಬರೆಯಲೊಲ್ಲ. ಸುಳ್ಳು ಬರೆಯಲು ಮನಸ್ಸಿಲ್ಲ. ನಿಜ ಬರೆಯಲು ನಾಚಿಕೆ. ತಾನು ಕಳ್ಳನೆಂದು ತನ್ನ ಕೈಯಾರೆ ಬರೆದು ಸರ್ಕಾರಕ್ಕೆ ಕಳಿಸಬೇಕಲ್ಲ! ಕಂಪ್ಯೂಟರನ್ನು ಮುಚ್ಚಿಬಿಟ್ಟ.

"ಬೇಡ ಬಿಡೇ. ಫೋನಲ್ಲಿ ಮಾತಾಡ್ತೀನಲ್ಲ ಅವಳ ಹತ್ರ."

"ಅವಳಿಗೆ ಕಿವಿ ಹೋಗ್ತಿಲ್ಲ, ಕಣ್ಣು ಹೋಗ್ತಿರೋದು!" ಎಂದು ಕೂಗಿದೆ. ಕೂಗಿದ್ದಕ್ಕೆ ಆಮೇಲೆ ನನಗೇ ಅಳು ಬಂತು. ಆ ಭಾನುವಾರ ಅವನು, ಮೊದಲ ಸಲ, ಕೆರೆಗೂ ಹೋಗಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ. ನಾನು ಕೀತ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ. ಬಯ್ದುಕೊಂಡೇ ಹೇಳಿದೆ, ನಿಮ್ಮ ಮೀನಿನಿಂದಾಗಿ ನನ್ನ ಸಂಸಾರ ಹಾಳಾಯಿತು ಎಂದು.

ಮುಂದಿನ ಭಾನುವಾರ ಮಧ್ಯಾಹ್ನ ಬಾಗಿಲ ಗಂಟೆ ಸದ್ದಾಯಿತು. ಬಾಗಿಲಲ್ಲಿ ಕೀತ್, ಸೂಟು ಬೂಟು ಹಾಕಿ ಟೈ ಕಟ್ಟಿದ್ದ. ಹಿಂದೆ ಕೆರೆ ಸಂಘದ ಇಬ್ಬರು ಮುದುಕರು, ಅವರೂ ಟೈ ಕಟ್ಟಿದ್ದರು. ಸಾವಿನ ಮನೆಗೆ ಬಂದವರಂತೆ ಗಂಭೀರವಾಗಿ ಒಳಗೆ ಬಂದು ಸಾಲಾಗಿ ಕೂತರು. ಚಾಸಿಬ್ ಎದ್ದು ಅಂಗಿ ಬದಲಿಸಿ ಬಂದ. ನಾನು ಏಲಕ್ಕಿ ಹಾಕಿದ ಚಹಾ ತಂದು ಪುಟ್ಟ ಗಾಜಿನ ಲೋಟಗಳನ್ನು ಅವರ ಮುಂದೆ ಇಟ್ಟೆ.

ಯಾರೂ ಮುಟ್ಟಲಿಲ್ಲ.

ಮೊದಲು ನನಗೆ ಹೊಳೆಯಲಿಲ್ಲ. ಸಕ್ಕರೆ ಜಾಸ್ತಿಯಾಯಿತೇನೋ ಅಂದುಕೊಂಡೆ. ಕೀತ್ ಎರಡೂ ಕೈಯನ್ನು ಮಂಡಿಯ ಮೇಲಿಟ್ಟು ನೆಟ್ಟಗೆ ಕೂತಿದ್ದ. ಲೋಟದ ಹಬೆ ನಿಂತಿತು. ಇಂಗ್ಲಿಷರು ಕಣ್ಣೆದುರೇ ಚಹಾ ಆರಲು ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಬ್ಬ ಮುದುಕನಿಗಂತೂ ತಡೆಯಲಾಗದೆ ಬೆರಳು ಚಡಪಡಿಸುತ್ತಿತ್ತು.

ಚಾಸಿಬ್ ಲೋಟಗಳ ಕಡೆ ನೋಡಿದ. ಅವನಿಗೆ ಅರ್ಥವಾಗಿತ್ತು. ನಮ್ಮ ಜೌಗಿನವನು ಮನೆಗೆ ಬೆಂಕಿ ಬಿದ್ದರೂ ತಡೆದುಕೊಂಡಾನು, ಬಂದವರಿಗೆ ಕುಡಿಸದೆ ಕಳಿಸಲಾರ.

"ಕುಡೀರಿ ಅಬು ಬೆರಿಲ್," ಎಂದ ಮೆಲ್ಲಗೆ.

"ಆಗಲ್ಲ ಅಬು ಗಾಯಿಬ್. ಮೊದಲು ನಮ್ಮ ಬೇಡಿಕೆ ಕೇಳ್ಬೇಕು."

"ಹೇಳಿ."

"ನೀವು ಅರ್ಜಿ ಹಾಕ್ಬೇಕು. ಶಿಕ್ಷೆ ಆಗಿದೆ ಅಂತ ಬರೀಬೇಕು. ಈ ಮನುಷ್ಯ ಎಂಥವನು ಅಂತ ಹೇಳೋಕೆ ಇಬ್ಬರು ಬೇಕಂತಲ್ಲ, ಅದ್ರಲ್ಲಿ ಒಬ್ಬ ನಾನು."

"ನಿಮ್ಮ ಮೀನು ತಿಂದವನಿಗೆ ನೀವೇನಂತ ಹೇಳ್ತೀರಿ?"

ಕೀತ್ ಟೈ ಸಡಿಲ ಮಾಡಿಕೊಂಡ. "ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೀನಿ. ನನ್ನ ಕಾರಿನ ಗಾಜು ಒಡೆದವರಿದ್ರು, ಬಾಗಿಲ ಮೇಲೆ ಬಯ್ಗುಳ ಬರೆದವರಿದ್ರು. ನನ್ನ ಮನೆಗೆ ಬಂದು, ತಪ್ಪಾಯ್ತು ಅಂತ ನಿಂತವನು ಇವನೊಬ್ಬ. ಅದನ್ನೇ ಹೇಳ್ತೀನಿ. ನನ್ನ ಹೆಂಡತಿ ಸತ್ತ ಮೇಲೆ ನನ್ನ ಭಾನುವಾರಗಳನ್ನ ಕಾಯ್ದವನು ಇವನು. ಅದನ್ನೂ ಹೇಳ್ತೀನಿ."

ನಾನು ಅಡಿಗೆಮನೆಯ ಬಾಗಿಲಿಗೆ ಆತು ನಿಂತಿದ್ದೆ. ಈ ಮುದುಕನ ಮೇಲೆ ನನಗೆ ಅಂದು ಉಕ್ಕಿದ ಪ್ರೀತಿಯನ್ನು ಹೆತ್ತಪ್ಪನ ಮೇಲೂ ತೋರಿಸಿದವಳಲ್ಲ.

ಚಾಸಿಬ್ ಎದ್ದ. ಲೋಟವನ್ನು ತಾನೇ ಎತ್ತಿ ಕೀತ್‌ನ ಕೈಗಿಟ್ಟು, "ಕುಡೀರಿ," ಎಂದ. ಮೂವರೂ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಮುಖ ಸಿಂಡರಿಸದೆ ಲೋಟ ಇಟ್ಟರು. ನಾನು ಬಿಸಿಯದನ್ನು ತರಲು ಒಳಗೆ ಓಡಿದೆ.

ಅವತ್ತೇ ಬರೆದೆವು. ಹೌದು, ಶಿಕ್ಷೆಯಾಗಿದೆ. ವಿವರಿಸಿ ಎಂದಿದ್ದ ಕಡೆ ಚಾಸಿಬ್ ಹೇಳಿದ್ದನ್ನು ಹಾಗೆಯೇ ಹಾಕಿದೆ: ನಾನು ಮೀನನ್ನು ತಿಂದೆ, ಅದು ಯಾರದೋ ಪ್ರೀತಿಯದು ಎಂದು ಗೊತ್ತಿರಲಿಲ್ಲ, ಈಗ ಗೊತ್ತು.

ಉತ್ತರ ಬರಲು ತಿಂಗಳುಗಳೇ ಹಿಡಿದವು. ಅಷ್ಟೂ ದಿನ ಅವನು ಫಖ್ರಿಯಾಗೆ ಫೋನ್ ಮಾಡಿದಾಗ ಮೊದಲು ಕೇಳುತ್ತಿದ್ದುದು, ಇವತ್ತು ಏನು ಕಾಣಿಸಿತು ಎಂದೇ. ಕಿಟಕಿ ಕಾಣಿಸಿತು ಎನ್ನುತ್ತಿದ್ದಳು. ಆಮೇಲೆ, ಕಿಟಕಿಯ ಬೆಳಕು ಎನ್ನತೊಡಗಿದಳು. ಒಪ್ಪಿಗೆ ಬಂತು. ಪ್ರಮಾಣವಚನದ ದಿನ ಕೀತ್ ಅದೇ ಟೈ ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ.

ಬಸ್ರಾದ ಮನೆಯ ಹೊಸ್ತಿಲಲ್ಲಿ ಫಖ್ರಿಯಾ ಗೋಡೆ ಹಿಡಿದು ನಿಂತಿದ್ದಳು. ಚಾಸಿಬ್ ಚೀಲ ಕೆಳಗಿಟ್ಟ.

"ಎಲ್ಲೋ ಅವನು, ಮೀನುಗಳ್ಳ?" ಎಂದಳು ಅವಳು. "ಬಾರೋ ಬೆಳಕಿಗೆ."

ಕೈ ಹಿಡಿದು ಕಿಟಕಿಗೆ ಎಳೆದುಕೊಂಡು ಹೋದಳು. ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಮುಖ ತಂದಳು. ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಮುಚ್ಚಿ ನೋಡಿದಳು. ಅವನ ಗಲ್ಲ ಹಿಡಿದು ಬೆಳಕಿನ ಕಡೆ ಹೊರಳಿಸಿದಳು.

"ಮೀಸೆ ಬೆಳ್ಳಗಾಗಿದೆಯಲ್ಲೋ ನನ್ ಕಂದಾ," ಎಂದಳು.

ಕಂಡಿತ್ತು ಅವಳಿಗೆ.