ಮಧುನಾಶಿನಿ ಜಗಿದ ದಿನದ ಹುಗ್ಗಿ

ಅಡುಗೆಯ ಉಚ್ಚಂಗೆಪ್ಪನ ತೂಕ ನೂರಾ ಎಂಟು ಕಿಲೋ. ಕೂಡ್ಲಿಗಿಯ ಡಾಕ್ಟರು, "ಸಿಹಿ ಬಿಡು, ದಿನಾ ನಡಿ" ಎಂದಿದ್ದರು. ಮಧುನಾಶಿನಿ ಎಲೆಯ ರಸ ಬೊಜ್ಜು ಕರಗಿಸುತ್ತದಂತಲ್ಲ ಎಂದು ಇವನು ಕೇಳಿದ್ದಕ್ಕೆ, "ಪರೀಕ್ಷೆ ನಡೆದಾವಪ್ಪ, ಇನ್ನೂ ಖಾತ್ರಿ ಇಲ್ಲ. ನೀನಾಗೇ ಏನೂ ಕುಡಿಬ್ಯಾಡ" ಎಂದರು. ಉಚ್ಚಂಗೆಪ್ಪನಿಗೆ ಕೇಳಿಸಿದ್ದು ಪರೀಕ್ಷೆ ನಡೆದಿದೆ ಎಂಬುದಷ್ಟೆ. ಕುರಿ ಮೇಯಿಸುವ ಹೊನ್ನೂರಸ್ವಾಮಿಯಿಂದ ಗುಡ್ಡದ ಎಲೆ ತರಿಸಿ, ತಂಬ್ರಹಳ್ಳಿಯ ಗುರುಬಸವರಾಜ ಗೌಡರ ಮಗಳ ಮದುವೆಯ ಬೆಳಿಗ್ಗೆ ಒಂದು ಹಿಡಿ ಜಗಿದು ರಸ ನುಂಗಿದ.

ಆಮೇಲೆ ಗೋದಿಹುಗ್ಗಿಗೆ ಬೆಲ್ಲ ಹಾಕಿ ರುಚಿ ನೋಡಿದ. ಸಪ್ಪೆ. ಇನ್ನೆರಡು ಅಚ್ಚು ಹಾಕಿದ. ಸಪ್ಪೆ. ಮತ್ತೆರಡು.

"ಅಣ್ಣಾ, ಸಾಕ್ರಿ. ಹುಗ್ಗಿ ಕರ್ರಗಾಗಾಕ ಹತ್ತೈತಿ," ಎಂದಳು ಪಾತ್ರೆ ತಿಕ್ಕುತ್ತಿದ್ದ ಗೀತಮ್ಮ.

"ಬೆಲ್ಲದಾಗ ಸಿಹಿನ ಇಲ್ಲವ್ವ. ಅಂಗಡ್ಯಾವ ಮೋಸ ಮಾಡ್ಯಾನ."

ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡ. ಮರಳು. ಆಗ ಹೊಳೆಯಿತು: ಎಲೆ ಬೊಜ್ಜಿನ ಹತ್ತಿರ ಹೋಗಿರಲಿಲ್ಲ, ನಾಲಿಗೆಯ ಮೇಲೇ ಕೂತಿತ್ತು. ಉಪ್ಪು, ಖಾರ ತಿಳಿಯುತ್ತಿದ್ದವು, ಸಿಹಿಯೊಂದೇ ಸತ್ತಿತ್ತು. ಮೊದಲ ಪಂಕ್ತಿಗೆ ಅರ್ಧ ಗಂಟೆ ಉಳಿದಿತ್ತು. ಈ ಹುಗ್ಗಿ ಕೆಟ್ಟರೆ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾರೂ ಅವನನ್ನು ಒಲೆಗೆ ಕರೆಯುವುದಿಲ್ಲ.

"ಗೀತಮ್ಮ, ನೀ ನೋಡು," ಎಂದು ಸೌಟು ಚಾಚಿದ.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಹತ್ತು ವರ್ಷದಿಂದ ಅವನ ಜೊತೆ ಬರುತ್ತಿದ್ದಾಳೆ. ಖಾಲಿ ಹಂಡೆ ಅವಳದು. ತುಂಬಿದ ಹಂಡೆಯ ಹತ್ತಿರ ಸುಳಿಯುವಂತಿಲ್ಲ. ಊಟ ಕೊನೆಗೆ, ಹಿತ್ತಲ ಬೇವಿನ ಕೆಳಗೆ. ಕೇರಿಯವಳು ತಿಕ್ಕಿದ ಪಾತ್ರೆಗೆ ಇಲ್ಲದ ಮೈಲಿಗೆ, ಅದರಲ್ಲಿ ಅಡುಗೆ ಬೆಂದ ಕೂಡಲೇ ಎಲ್ಲಿಂದಲೋ ಬಂದುಬಿಡುತ್ತದೆ.

"ಗೌಡ್ರು ನೋಡಿದ್ರ?"

"ನೋಡ್ಲಿ. ನನ್ನ ನಾಲಿಗಿ ಸತ್ತೈತಿ, ನಿಂದು ಕೊಡು."

ಅಂಗೈಗೆ ಬಿದ್ದ ಹುಗ್ಗಿ ನೆಕ್ಕಿ ಅವಳು ಮುಖ ಕಿವಿಚಿದಳು. "ಯವ್ವಾ! ಇರುವಿನೂ ಓಡಿಹೋಗ್ತಾವ್ರಿ ಇದಕ್ಕ. ಎರಡನೇ ಪಂಕ್ತಿಗಂತ ಬೇಯಿಸಿದ ಗೋದಿ ಐತಲ್ರಿ, ಅದನ್ನ ಸುರೀರಿ."

ಸುರಿದು ತಿರುವಿದ. ಅವಳು ಮೂರು ಸಲ ರುಚಿ ನೋಡಿ, ಚಿಟಿಕೆ ಉಪ್ಪು ಹಾಕಿಸಿ, "ಈಗ ಬಡಿಸ್ರಿ" ಎಂದಳು.

ಎರಡನೇ ಪಂಕ್ತಿ ಕೂತಾಗ ಗೌಡರು ಶಾಲು ಹಿಡಿದು ಒಲೆಯ ಹತ್ತಿರ ಬಂದರು. "ಉಚ್ಚಂಗೆಪ್ಪ, ಬೀಗರು ಮೂರು ಮೂರು ಸಲ ಹಾಕಿಸ್ಕೊಂಡ್ರಲೇ! ಎಂಥಾ ನಾಲಿಗಿನೋ ನಿಂದು! ಮುಂದ ಮಗನ ಮದುವಿಗೂ ನೀನ ಬರಬೇಕು."

ಉಚ್ಚಂಗೆಪ್ಪ ಶಾಲು ನೋಡಿದ, ಗೀತಮ್ಮನನ್ನು ನೋಡಿದ. ಅವಳು ಬೇಡವೆಂದು ತಲೆಯಾಡಿಸಿದಳು. ಸುಮ್ಮನಿದ್ದರೆ ಮುಗಿಯುತ್ತಿತ್ತು.

"ನಾಲಿಗಿ ನಂದಲ್ರಿ ಗೌಡ್ರೆ. ಹುಗ್ಗಿ ಹದ ನೋಡಿದಾಕಿ ಗೀತಮ್ಮ."

ಗೌಡರ ಕೈ ಅಲ್ಲೇ ನಿಂತಿತು. ಹೊರಗೆ ಯಾರೋ ಕೂಗಿದರು: "ಹುಗ್ಗಿ ತರ್ರೆಪಾ, ಇನ್ನೊಂದು ಸೌಟು!"

ಗೌಡರು ದನಿ ತಗ್ಗಿಸಿದರು. "ಇದನ್ನ ಮತ್ತೆಲ್ಲೂ ಹೇಳಬ್ಯಾಡ."

"ಹೇಳಾಕೇನೈತ್ರಿ," ಎಂದಳು ಗೀತಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. "ಉಂಡಾರಲ್ರಿ."

ಶಾಲು ಗೌಡರ ಜೊತೆಯಲ್ಲೇ ವಾಪಸು ಹೋಯಿತು. ಮಗನ ಮದುವೆಯ ಮಾತೂ.

ಎಲ್ಲರದೂ ಮುಗಿದ ಮೇಲೆ ಗೀತಮ್ಮ ಬೇವಿನ ಕಡೆ ಹೊರಟಳು. ಉಚ್ಚಂಗೆಪ್ಪ ತಡೆದು, ಒಲೆಯ ಪಕ್ಕದಲ್ಲೇ ಎಲೆ ಹಾಸಿ ಕೂರಿಸಿ, ತಾನೇ ಬಡಿಸಿದ.

"ನಾಲಿಗಿ ಬಂತೇನ್ರಿ ಅಣ್ಣಾ?"

ಅವನು ಬೆರಳ ತುದಿಯಲ್ಲಿ ಹುಗ್ಗಿ ನೆಕ್ಕಿದ. ಮುಖ ಅರಳಿತು. "ಬಂತವ್ವ."

"ಹಂಗಾರ ಇನ್ನ ಬಿಡ್ರಿ. ಡಾಕ್ಟರ್ ಬೈತಾರ," ಎಂದು ಗೀತಮ್ಮ ಹುಗ್ಗಿಯ ಹಂಡೆಯನ್ನು ತನ್ನ ಕಡೆಗೆ ಎಳೆದುಕೊಂಡಳು.